ಶಾರದಾ ಪೂಜೆ, ಹೆಸರಿನ ಪಟ್ಟಿ ಮತ್ತು ಅಡುಗೆಮನೆ: ಕರಾವಳಿಯ ಒಂದು ಸರ್ಕಾರಿ ಶಾಲೆಯ ಪ್ರಕರಣ ಅಧ್ಯಯನ

ಅಂಕೋಲಾ ಮತ್ತು ಕುಮಟಾ ನಡುವಿನ ಕರಾವಳಿಯ ಒಂದು ಊರಿನಲ್ಲಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ವಾರ್ಷಿಕ ಶಾರದಾ ಪೂಜೆಯ ಕುರಿತು ಈಚಿನ ವರ್ಷಗಳಲ್ಲಿ ಎದ್ದ ಪ್ರಶ್ನೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಪ್ರಶ್ನೆ ಪತ್ರಿಕೆಗೂ ಹೋಗಲಿಲ್ಲ, ನ್ಯಾಯಾಲಯಕ್ಕೂ ಹೋಗಲಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎನ್ನುವ ಸಮಿತಿಯ ಸಭೆಗಳಲ್ಲಿಯೇ ಹುಟ್ಟಿ, ಅಲ್ಲಿಯೇ ಅರ್ಧಂಬರ್ಧ ಬಗೆಹರಿಯಿತು. ಆ ಸಭೆಗಳಲ್ಲಿ ಕುಳಿತವನಾದ್ದರಿಂದ ನನಗೆ ಇದರ ಒಳಹೊರಗು ತಿಳಿದಿದೆ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಬಹುಪಾಲು ಜನ ಮಕ್ಕಳಿಗೆ ಒಳ್ಳೆಯದನ್ನೇ ಬಯಸುವವರಾಗಿದ್ದರು. ಆದ್ದರಿಂದ ಊರನ್ನಾಗಲಿ ವ್ಯಕ್ತಿಗಳನ್ನಾಗಲಿ ಹೆಸರಿಸಿಲ್ಲ.

ಶಾಲೆ ಮುಂಬಯಿ ಪ್ರಾಂತದ ಕಾಲದ್ದು. 1956ರಲ್ಲಿ ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲೇ ಅದರ ಹಳೆಯ ಮೂರು ಕೋಣೆಗಳು ಎದ್ದಿದ್ದವು. ಅಲ್ಲಿಗೆ ಬರುವ ಮಕ್ಕಳು ಈ ಕರಾವಳಿಯ ಎಲ್ಲ ಮನೆಗಳಿಂದಲೂ ಬರುವವರು: ಖಾರ್ವಿಗಳು, ನಾಡವರು, ಹಾಲಕ್ಕಿಗಳು, ನಾಮಧಾರಿಗಳು, ಪರಿಶಿಷ್ಟ ಜಾತಿಯ ಕುಟುಂಬಗಳವರು, ಕೊಂಕಣಿ ಆಡುವ ಕ್ರೈಸ್ತರು, ಮೀನು ವ್ಯಾಪಾರದ ಮುಸಲ್ಮಾನರು. ಜಿಲ್ಲೆಯನ್ನು ಒಟ್ಟಾಗಿ ನೋಡಿದರೆ ಈ ವೈವಿಧ್ಯ ಇನ್ನೂ ಹೆಚ್ಚು. ಯಲ್ಲಾಪುರ ಮತ್ತು ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ಬೌದ್ಧರ ವಸತಿ ಇದೆ. ಇಂಥ ಜಿಲ್ಲೆಯಲ್ಲಿ ಎಲ್ಲ ಮನೆಗಳ ಮಕ್ಕಳೂ ಒಂದೇ ಹಲಗೆಯ ಎದುರು ಕೂರುವ ಜಾಗವೆಂದರೆ ಸರ್ಕಾರಿ ಶಾಲೆ.

ಪೂಜೆ ನಡೆಯುತ್ತಿದ್ದುದು ವಾರ್ಷಿಕ ಪರೀಕ್ಷೆಗೆ ಮೊದಲಿನ ಒಂದು ಶುಕ್ರವಾರ. ಪ್ರತಿ ಮಗುವೂ ಒಂದು ತೆಂಗಿನಕಾಯಿ, ಹೂವು ಮತ್ತು ಐವತ್ತು ರೂಪಾಯಿ ತರಬೇಕೆಂಬುದು ವಾಡಿಕೆಯಾಗಿತ್ತು. ಮಕ್ಕಳು ತಮ್ಮ ಒಂದೊಂದು ಪುಸ್ತಕವನ್ನು ಶಾರದೆಯ ಪಟದ ಎದುರು ಇಡುತ್ತಿದ್ದರು, ಊರಿನ ಭಟ್ಟರು ಬಂದು ಪೂಜೆ ಮಾಡುತ್ತಿದ್ದರು, ಮಕ್ಕಳು ತರಗತಿವಾರು ಸಾಲಾಗಿ ಬಂದು ಆರತಿ ತೆಗೆದುಕೊಂಡು ಪಂಚಕಜ್ಜಾಯ ಮತ್ತು ಕಡಲೆಬೇಳೆ ಪಾಯಸ ಉಣ್ಣುತ್ತಿದ್ದರು. ಇದು ಮಕ್ಕಳಿಗೆ ಸಂತೋಷದ ದಿನವಾಗಿತ್ತು ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಮಕ್ಕಳೇ ಮಾವಿನ ತೋರಣ ಕಟ್ಟುತ್ತಿದ್ದರು. ಅನೇಕ ವರ್ಷ ಕ್ರೈಸ್ತ ಮತ್ತು ಮುಸಲ್ಮಾನ ಮಕ್ಕಳೂ ಯಾವ ತಕರಾರಿಲ್ಲದೆ ಬಂದು, ಹೂವು ಕೊಟ್ಟು, ಪಾಯಸ ಉಂಡು ಹೋಗಿದ್ದಾರೆ.

ಹಣ ಮತ್ತು ಕಾಯಿ ಕೊಟ್ಟವರ ಲೆಕ್ಕವಿಡಲು ತರಗತಿಯ ಹಲಗೆಯ ಬಲಬದಿಯಲ್ಲಿ ಹೆಸರಿನ ಪಟ್ಟಿ ಬರೆಯುವ ಪದ್ಧತಿಯಿತ್ತು. ಕೊಟ್ಟವರ ಹೆಸರಿನ ಎದುರು ಸರಿ ಗುರುತು ಬೀಳುತ್ತಿತ್ತು, ಕೊಡದವರ ಹೆಸರು ಹಾಗೆಯೇ ಉಳಿಯುತ್ತಿತ್ತು. ಪೂಜೆ ಹತ್ತಿರ ಬಂದಂತೆ ಗುರುತಿಲ್ಲದ ಹೆಸರುಗಳು ಎರಡೋ ಮೂರೋ ಮಾತ್ರ ಇರುತ್ತಿದ್ದವು, ದಿನವೆಲ್ಲ ಇಡೀ ತರಗತಿಯ ಕಣ್ಣ ಮುಂದೆ. ಇದನ್ನು ಯಾರೂ ಶಿಕ್ಷೆಯೆಂದು ಯೋಚಿಸಿ ಮಾಡಿದ್ದಲ್ಲ. ಲೆಕ್ಕ ತಪ್ಪಬಾರದೆಂದು ಒಬ್ಬ ಅಕ್ಕೋರು, ಅಂದರೆ ಶಿಕ್ಷಕಿ, ಆರಂಭಿಸಿದ್ದು ಹಾಗೆಯೇ ನಡೆದುಬಂದಿತ್ತು.

ಆ ವರ್ಷ ಐದನೆಯ ತರಗತಿಯ ಒಬ್ಬ ಮುಸಲ್ಮಾನ ಹುಡುಗಿಯ ತಾಯಿ ಮುಖ್ಯೋಪಾಧ್ಯಾಯರ ಬಳಿ ಬಂದು ತಮ್ಮ ಮಗಳನ್ನು ಆರತಿಯ ಸಾಲಿನಿಂದ ಬಿಡಬೇಕೆಂದು ಕೇಳಿಕೊಂಡರು. ಪೂಜೆ ನಿಲ್ಲಿಸಿ ಎಂದು ಅವರು ಹೇಳಲಿಲ್ಲ. ಮುಖ್ಯೋಪಾಧ್ಯಾಯರು ಸೌಜನ್ಯದಿಂದಲೇ ಉತ್ತರಿಸಿದರು: "ನೀವು ಚಿಂತೆ ಮಾಡ್ಬೇಡಿ ಅಮ್ಮಾ, ಅವಳು ಕೈ ಮುಗೀದಿದ್ರೂ ಅಡ್ಡಿಲ್ಲ, ಸಾಲಲ್ಲಿ ನಿಂತ್ರೆ ಸಾಕು." ಅದಕ್ಕೆ ಆ ತಾಯಿ, "ಎಲ್ಲಾರೂ ಮುಗೀತಾ ಇರೂವಾಗ ತಾನೊಬ್ಬಳೇ ಮುಗೀದೆ ನಿಲ್ಲೂದು ಸಣ್ಣ ಮಕ್ಳಿಗೆ ಆಗ್ತದ್ಯಾ ಮಾಸ್ತರೇ?" ಎಂದರು. ಈ ಪ್ರಕರಣದ ತಿರುಳು ಈ ಎರಡು ಮಾತುಗಳಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ಮುಖ್ಯೋಪಾಧ್ಯಾಯರ ದೃಷ್ಟಿಯಲ್ಲಿ ಒತ್ತಾಯವೆಂದರೆ ಗದರುವುದು, ಹೊಡೆಯುವುದು, ಹೆಸರು ತೆಗೆದುಹಾಕುವುದು. ಅವರು ಅದಾವುದನ್ನೂ ಮಾಡುವವರಲ್ಲ. ತಾಯಿಯ ದೃಷ್ಟಿಯಲ್ಲಿ ಹತ್ತು ವರ್ಷದ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ, ಎದುರಿಗೆ ಮಾಸ್ತರು ನಿಂತರೆ, ಅದೇ ಒತ್ತಾಯ.

ಹುಡುಗಿ ಪೂಜೆಯ ದಿನ ಶಾಲೆಗೆ ಬರಲಿಲ್ಲ. ಸೋಮವಾರ ಬಂದಾಗ, ಪುಸ್ತಕ ಪೂಜೆಗಿಡದ ಕಾರಣ ಅವಳಿಗೆ ವಿದ್ಯೆ ಹತ್ತುವುದಿಲ್ಲವೆಂದು ಜೊತೆಯ ಮಕ್ಕಳು ಹೇಳಿದರು. ಪರೀಕ್ಷೆಯ ಮುಂಚಿನ ದಿನಗಳಲ್ಲಿ ಇಂಥ ಮಾತು ಮಗುವಿನ ಮನಸ್ಸಿನಲ್ಲಿ ಆಳವಾಗಿ ಕೂರುತ್ತದೆ. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಗೂ ಪೂಜೆಗೂ ಶಾಲೆಯೇ ಹಾಕಿದ ಗಂಟಿನಿಂದ ಅವರು ತಾವಾಗಿಯೇ ತಿಳಿದುಕೊಂಡಿದ್ದರು.

ಇಷ್ಟಕ್ಕೇ ಆಗಿದ್ದರೆ ವಿಷಯ ಪ್ರಾಯಶಃ ಅಲ್ಲಿಗೇ ಮುಗಿಯುತ್ತಿತ್ತು. ಅದೇ ತಿಂಗಳ ಸಭೆಯಲ್ಲಿ ಬೇರೊಂದು ಮೂಲೆಯಿಂದ ಇನ್ನೊಂದು ಮಾತು ಬಂತು. ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು ಪರಿಶಿಷ್ಟ ಜಾತಿಯ ಮಹಿಳೆ. ವರ್ಷವಿಡೀ ಅನ್ನ ಸಾರು ಮಾಡಿ ಎಲ್ಲ ಮನೆಗಳ ಮಕ್ಕಳಿಗೂ ಬಡಿಸುವವರು ಅವರೇ. ಪೂಜೆಯ ದಿನ ಮಾತ್ರ ನೈವೇದ್ಯದ ಪಾಯಸ ಮಾಡಲು ಊರಿನ ಬೇರೆ ಮನೆಯಿಂದ ಇಬ್ಬರು ಬರುತ್ತಿದ್ದರು, ಅಡುಗೆಮನೆಯನ್ನು ತೊಳೆಸುತ್ತಿದ್ದರು, ಅವರ ಕೆಲಸ ಮುಗಿಯುವವರೆಗೆ ಈಕೆ ಹೊರಗೆ ಕಾಯಿ ತುರಿದುಕೊಡುವುದೂ ಇರಲಿಲ್ಲ, ಜಗುಲಿಯಲ್ಲಿ ಕುಳಿತಿರಬೇಕಾಗಿತ್ತು. "ವರ್ಷಪೂರ್ತಿ ನಾ ಮಾಡಿದ್ದೇ ಮಕ್ಳು ಉಣ್ತಾರೆ, ಆ ಒಂದಿನ ಎಂತಕ್ಕೆ ಬೇಡ?" ಎಂದು ಅವರು ಸಭೆಗೆ ಬಂದು ಕೇಳಿದರು. ಹಲವು ವರ್ಷಗಳಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು, ಆ ತಾಯಿ ಕೇಳಿದರೆಂಬ ಧೈರ್ಯದಿಂದ ಕೇಳುತ್ತಿದ್ದೇನೆಂದೂ ಹೇಳಿದರು.

ಶಾಲೆಯಲ್ಲಿ ಧರ್ಮದ ಸ್ಥಾನವೇನು ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಹಿಂದೂಗಳು ಮತ್ತು ಇತರರು ಎಂಬ ಸಾಲಿನಲ್ಲಿಯೇ ನಡೆಯುತ್ತದೆ. ಅಡುಗೆಯವರ ಪ್ರಶ್ನೆ ಆ ಸಾಲಿನ ಹೊರಗಿನದು. ಯಾವುದೇ ವಿಧಿಯನ್ನು ಶಾಲೆಯೊಳಗೆ ತಂದಾಗ ಅದರ ಜೊತೆಗೆ ಅದರ ನಿಯಮಗಳೂ ಬರುತ್ತವೆ: ಯಾರು ಮುಟ್ಟಬಹುದು, ಯಾರು ಬೇಯಿಸಬಹುದು, ಯಾರು ಎಲ್ಲಿಯವರೆಗೆ ಬರಬಹುದು. ಆ ನಿಯಮಗಳನ್ನು ಬದಲಿಸುವ ಅಧಿಕಾರ ಮುಖ್ಯೋಪಾಧ್ಯಾಯರಿಗಿಲ್ಲ, ಏಕೆಂದರೆ ಅವು ಇಲಾಖೆಯ ನಿಯಮಗಳಲ್ಲ. ಅವುಗಳ ಹೊಣೆ ಮಾತ್ರ ಅವರ ಮೇಲೆ ಬೀಳುತ್ತದೆ, ಏಕೆಂದರೆ ಚಾವಣಿ ಸರ್ಕಾರದ್ದು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಬಾರದೆಂದು ಹೇಳುತ್ತದೆ, ಮತ್ತು ಆ ಶಾಲೆಯ ಮಕ್ಕಳು ಅದನ್ನು ಸಮಾಜ ವಿಜ್ಞಾನದ ಪಾಠದಲ್ಲಿ ಓದುತ್ತಾರೆ. ಅದೇ ಮಕ್ಕಳು ವರ್ಷಕ್ಕೊಂದು ದಿನ, ತಮಗೆ ಪ್ರತಿದಿನ ಬಡಿಸುವವರು ಜಗುಲಿಯಲ್ಲಿ ಕುಳಿತಿರುವುದನ್ನೂ ನೋಡುತ್ತಿದ್ದರು. ಅಲ್ಲಿ ನಡೆದುದರಲ್ಲಿ ನನಗೆ ಅತ್ಯಂತ ನೋವು ತಂದದ್ದು ಇದೇ.

ಸಭೆಯಲ್ಲಿ ಪೂಜೆಯ ಪರವಾಗಿ ಬಂದ ವಾದಗಳು ತೆಗೆದುಹಾಕುವಂಥವಾಗಿರಲಿಲ್ಲ. ಶಾರದೆ ವಿದ್ಯೆಯ ಸಂಕೇತವೇ ಹೊರತು ಒಂದು ಧರ್ಮದ ದೇವತೆಯಲ್ಲ ಎಂದು ಒಬ್ಬರು ಹೇಳಿದರು. ಆಟದ ಮೈದಾನವಿಲ್ಲದ, ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಸರ್ಕಾರಿ ಶಾಲೆಯನ್ನು ಊರಿನೊಂದಿಗೆ ಬೆಸೆದಿರುವುದೇ ಇಂಥ ಕಾರ್ಯಕ್ರಮಗಳು, ಇವನ್ನೂ ನಿಲ್ಲಿಸಿದರೆ ಪಾಲಕರು ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತಿಸುತ್ತಾರೆ ಎಂದು ಇನ್ನೊಬ್ಬರು ಹೇಳಿದರು. ಎರಡನೆಯ ಮಾತಿನಲ್ಲಿ ಸತ್ಯವಿದೆ. ಮೊದಲನೆಯದನ್ನು ಒಪ್ಪುವುದು ನನಗೆ ಕಷ್ಟ: ಭಟ್ಟರು ಬಂದು, ಸಂಕಲ್ಪ ಮಾಡಿ, ನೈವೇದ್ಯವಿಟ್ಟು, ಆರತಿ ಬೆಳಗಿದ ಮೇಲೆ ಅದು ಕೇವಲ ಸಂಕೇತವೆಂದು ಹೇಳುವುದು ಭಕ್ತಿಯಿಂದ ಪೂಜೆ ಮಾಡುವವರಿಗೇ ಮಾಡುವ ಅಗೌರವ.

ಮೂರನೆಯ ವಾದ ಕಾನೂನಿನದು, ಮತ್ತು ಅದು ಅನಿರೀಕ್ಷಿತವಾಗಿತ್ತು. ಶಾಲೆಯ ಜಾಗವನ್ನು ದಾನ ಕೊಟ್ಟ ಮನೆತನದ ಹಿರಿಯರು ಬಂದು, ಶಾರದಾ ಪೂಜೆ ನಡೆಸಿಕೊಂಡು ಬರಬೇಕೆಂಬ ಷರತ್ತಿನ ಮೇಲೆಯೇ ತಮ್ಮ ಅಜ್ಜ ಜಾಗ ಕೊಟ್ಟಿದ್ದು, ಆದ್ದರಿಂದ ಸಂವಿಧಾನವೇ ಇದಕ್ಕೆ ಅವಕಾಶ ಕೊಡುತ್ತದೆ ಎಂದರು. ಅವರ ಮಾತಿಗೆ ಒಂದು ನೆಲೆಯಿದೆ. 28ನೆಯ ವಿಧಿಯ ಮೊದಲ ಖಂಡ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಹೇಳುತ್ತದೆ. ಎರಡನೆಯ ಖಂಡ ಅದಕ್ಕೊಂದು ವಿನಾಯಿತಿ ಕೊಡುತ್ತದೆ: ಧಾರ್ಮಿಕ ಬೋಧನೆ ನೀಡಲೇಬೇಕೆಂಬ ದತ್ತಿ ಅಥವಾ ಟ್ರಸ್ಟಿನ ಅಡಿಯಲ್ಲಿ ಸ್ಥಾಪಿತವಾಗಿ, ಸರ್ಕಾರವು ಕೇವಲ ಆಡಳಿತ ನೋಡಿಕೊಳ್ಳುವ ಸಂಸ್ಥೆಗಳಿಗೆ ಮೊದಲ ಖಂಡ ಅನ್ವಯಿಸುವುದಿಲ್ಲ.

ಸಮಿತಿ ದಾನಪತ್ರದ ನಕಲನ್ನು ತರಿಸಿ ನೋಡಿತು. ಕಂದು ಬಣ್ಣಕ್ಕೆ ತಿರುಗಿದ ಛಾಪಾ ಕಾಗದದ ಮೇಲೆ, ಮೋಡಿ ಲಿಪಿಯಂತೆ ಬಾಗಿದ ಕನ್ನಡ ಬರಹದಲ್ಲಿ ಜಾಗದ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇತ್ತು: ಪೂರ್ವಕ್ಕೆ ಗದ್ದೆ, ಪಶ್ಚಿಮಕ್ಕೆ ತೆಂಗಿನ ಹಿತ್ತಲು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಹಾದಿ. ಊರಿನ ಮಕ್ಕಳ ವಿದ್ಯೆಗಾಗಿ ಶಾಲೆ ಕಟ್ಟಿಸುವ ಸಲುವಾಗಿ ಈ ಜಾಗವನ್ನು ಕೊಟ್ಟಿದ್ದೇನೆ, ಮುಂದೆ ನನ್ನ ವಾರಸುದಾರರ ಹಕ್ಕು ಇರುವುದಿಲ್ಲ ಎಂಬರ್ಥದ ವಾಕ್ಯವಿತ್ತು. ಪೂಜೆಯ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೂ ವಿನಾಯಿತಿ ಸಿಗುತ್ತಿತ್ತೆಂದು ನನಗೆ ತೋರುವುದಿಲ್ಲ. ಸಂಸ್ಥೆಯೇ ದತ್ತಿಯಿಂದ ಸ್ಥಾಪಿತವಾಗುವುದು ಬೇರೆ, ಸರ್ಕಾರ ಸ್ಥಾಪಿಸಿದ ಶಾಲೆಗೆ ಜಾಗ ದಾನ ಬರುವುದು ಬೇರೆ. ಪತ್ರವನ್ನು ಓದಿದ ಹಿರಿಯರು ಹೆಚ್ಚು ಮಾತಾಡಲಿಲ್ಲ, ಅಜ್ಜನ ಸಹಿಯನ್ನು ಬಹಳ ಹೊತ್ತು ನೋಡಿದರು. ಯಾರ ಮನೆಯ ಮಕ್ಕಳೆಂದು ನೋಡದೆ, ಹಕ್ಕನ್ನೇ ಬಿಟ್ಟುಕೊಟ್ಟ ಆ ದಾನ ದೊಡ್ಡದು ಎಂದು ಸಭೆ ಅವರಿಗೆ ಮನಸಾರೆ ಹೇಳಿತು.

ಉಳಿದ ಕಾನೂನಿನ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಎರಡೂ ಕಡೆಯವರು ಅವಸರದ ತೀರ್ಮಾನಕ್ಕೆ ಬರುತ್ತಾರೆ. 28ನೆಯ ವಿಧಿಯ ಮೊದಲ ಖಂಡ ನಿಷೇಧಿಸುವುದು ಧಾರ್ಮಿಕ ಬೋಧನೆಯನ್ನು. ಪೂಜೆಯ ಮಾತು ಅಲ್ಲಿಲ್ಲ. ಪೂಜೆ, ಪ್ರಾರ್ಥನೆಗಳ ಉಲ್ಲೇಖ ಬರುವುದು ಮೂರನೆಯ ಖಂಡದಲ್ಲಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಯಾವ ವಿದ್ಯಾರ್ಥಿಯೂ ತನ್ನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾಗಿದ್ದರೆ ಪಾಲಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸಬೇಕಾಗಿಲ್ಲ, ಪೂಜೆಗೆ ಹಾಜರಾಗಬೇಕಾಗಿಲ್ಲ. ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಸಂಸ್ಥೆಯಂಥ, ಅಥವಾ ಚರ್ಚುಗಳು ಮತ್ತು ಮಠಗಳು ಕಟ್ಟಿದ ವಿದ್ಯಾಸಂಸ್ಥೆಗಳ ವಿಷಯದಲ್ಲಿ ನೋಡಬೇಕಾದ ಖಂಡ ಇದು. ಖಾಸಗಿ ಸಂಸ್ಥೆಯಲ್ಲಿಯೇ ಒಪ್ಪಿಗೆ ಬೇಕೆಂದ ಮೇಲೆ, ಸರ್ಕಾರ ತಾನೇ ನಡೆಸುವ ಶಾಲೆಯಲ್ಲಿ ಅದಕ್ಕಿಂತ ಕಡಿಮೆ ರಕ್ಷಣೆ ಸಾಕೆಂದು ವಾದಿಸುವುದು ಸಲ್ಲದು. 25ನೆಯ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯ ಆ ಮಗುವಿಗೆ ಇದ್ದೇ ಇದೆ.

1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆ ಈ ವಿಧಿಯನ್ನು ಚರ್ಚಿಸಿದಾಗ ಡಾ. ಅಂಬೇಡ್ಕರ್ ಅವರು ಕೊಟ್ಟ ಕಾರಣಗಳಲ್ಲಿ ಎರಡು ನಮ್ಮ ಪ್ರಕರಣಕ್ಕೆ ನೇರವಾಗಿ ಸಲ್ಲುತ್ತವೆ. ಎಲ್ಲರ ತೆರಿಗೆಯ ಹಣವನ್ನು ಒಂದು ಧರ್ಮದ ಬೋಧನೆಗೆ ಬಳಸಬಾರದು ಎಂಬುದು ಒಂದು. ಹಲವು ಧರ್ಮಗಳಿರುವ ದೇಶದಲ್ಲಿ ಸರ್ಕಾರ ಎಲ್ಲರಿಗೂ ಅವರವರ ಧರ್ಮವನ್ನು ಬೋಧಿಸುವುದು ಅಸಾಧ್ಯ ಎಂಬುದು ಇನ್ನೊಂದು.

ಸುಪ್ರೀಂ ಕೋರ್ಟು ಧರ್ಮದ ಕುರಿತ ಅಧ್ಯಯನವನ್ನು ಎಂದೂ ತಡೆದಿಲ್ಲ. 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ ಗುರು ನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನವನ್ನು ಧಾರ್ಮಿಕ ಬೋಧನೆಯೆಂದು ಅದು ಪರಿಗಣಿಸಲಿಲ್ಲ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಎಲ್ಲ ಧರ್ಮಗಳ ಪರಿಚಯ ಮಾಡಿಕೊಡುವ ಮೌಲ್ಯಶಿಕ್ಷಣವನ್ನು ಎತ್ತಿಹಿಡಿಯಿತು. ಆದರೆ ಪರಿಚಯ ಎಲ್ಲಿ ಮುಗಿಯುತ್ತದೆ, ಆಚರಣೆ ಎಲ್ಲಿ ಆರಂಭವಾಗುತ್ತದೆ ಎಂಬ ಜಗಳ ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಸಿ ತಾಲೂಕಿನ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ, 2011ರಲ್ಲಿ, ಇದೇ ವಿಷಯ ರಾಜ್ಯದಾದ್ಯಂತ ಚರ್ಚೆಯಾಯಿತು. ಗೀತೆಯನ್ನಾಗಲಿ, ಬೈಬಲ್ಲನ್ನಾಗಲಿ, ಕುರಾನನ್ನಾಗಲಿ ಓದಿ ಅರ್ಥಮಾಡಿಕೊಳ್ಳುವುದು ಮಕ್ಕಳಿಗೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆರತಿಯ ಸಾಲು ಅಧ್ಯಯನವಲ್ಲ.

ನಮ್ಮ ಪ್ರಕರಣಕ್ಕೆ ಅತ್ಯಂತ ಹತ್ತಿರದ ತೀರ್ಪು 1986ರ ಆಗಸ್ಟ್ 11ರದು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. 1985ರ ಜುಲೈಯಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ರಾಷ್ಟ್ರಗೀತೆ ಧಾರ್ಮಿಕ ವಿಧಿಯಲ್ಲ, ಅದು ಎಲ್ಲರದು. ಅದನ್ನು ಹಾಡಲೇಬೇಕೆಂದು ಮಗುವಿನ ಆತ್ಮಸಾಕ್ಷಿಯ ವಿರುದ್ಧ ಒತ್ತಾಯಿಸಬಾರದೆಂದ ಮೇಲೆ, ಪೂಜೆಯ ಸಾಲಿನ ಬಗ್ಗೆ ಹೇಳಬೇಕಾದುದೇನೂ ಉಳಿಯುವುದಿಲ್ಲ.

ಸಭೆಯಲ್ಲಿ ಒಬ್ಬ ಯುವ ಪಾಲಕರು 2022ರ ಸಮವಸ್ತ್ರದ, ಅಂದರೆ ತರಗತಿಯಲ್ಲಿ ಹಿಜಾಬ್ ಧರಿಸುವ ಕುರಿತ, ಪ್ರಕರಣವನ್ನು ಎತ್ತಿದರು. ಸಮವಸ್ತ್ರದ ಬಗ್ಗೆ ಆ ವರ್ಷದ ಫೆಬ್ರುವರಿ 5ರಂದು ಹೊರಟ ಸರ್ಕಾರಿ ಆದೇಶವನ್ನು ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಕೊಟ್ಟರು. ಆ ಪ್ರಕರಣದ ಸರಿತಪ್ಪುಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಆ ಯುವಕರ ಪ್ರಶ್ನೆ ನ್ಯಾಯವಾದದ್ದಾಗಿತ್ತು: ಧರ್ಮದ ಗುರುತನ್ನು ಗೇಟಿನ ಹೊರಗಿಟ್ಟು ಬಾ ಎಂದು ಹುಡುಗಿಗೆ ಹೇಳುವ ವ್ಯವಸ್ಥೆ, ಅದೇ ಗೇಟಿನೊಳಗೆ ತಾನು ಮಾತ್ರ ಒಂದು ಧರ್ಮದ ವಿಧಿಯನ್ನು ಹೇಗೆ ನಡೆಸುತ್ತದೆ? ಈ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಬರಲಿಲ್ಲ.

ದಾರಿ ತೋರಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಬಿಸಿಯೂಟ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ರಾಜ್ಯದಲ್ಲಿ ದೊಡ್ಡ ವಿರೋಧವೇ ಎದ್ದಿತ್ತು. ಕೊನೆಗೆ ನಿಂತ ವ್ಯವಸ್ಥೆ ಸರಳವಾದದ್ದು: ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಈ ಶಾಲೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಏಕೆ ತಿನ್ನುವುದಿಲ್ಲವೆಂದು ಯಾರೂ ಕೇಳುವುದಿಲ್ಲ, ಬಾಳೆಹಣ್ಣು ತೆಗೆದುಕೊಂಡವರ ಹೆಸರನ್ನು ಹಲಗೆಯ ಮೇಲೆ ಬರೆಯುವುದಿಲ್ಲ. ಒಬ್ಬ ಮಹಿಳಾ ಸದಸ್ಯರು ಇದನ್ನು ನೆನಪಿಸಿದಾಗ ಸಭೆಯ ಮಾತಿನ ದಿಕ್ಕು ಬದಲಾಯಿತು. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಗಳಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೇಳಿರುವುದು ಎಷ್ಟು ಉಪಯುಕ್ತವೆಂಬುದನ್ನು ನಾನು ಆ ದಿನ ಕಂಡೆ. ಅದೇ ಕಾಯ್ದೆಯ 17ನೆಯ ಕಲಮು ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ ಎಂದು ಮುಖ್ಯೋಪಾಧ್ಯಾಯರೇ ಓದಿ ಹೇಳಿದರು, ಮತ್ತು ಹಲಗೆಯ ಪಟ್ಟಿಯನ್ನು ಆ ದಿನವೇ ಅಳಿಸಿಹಾಕುವುದಾಗಿ ಒಪ್ಪಿಕೊಂಡರು.

ಆದರೆ ಪೂಜೆಯ ವಿಷಯದಲ್ಲಿ ಮೊಟ್ಟೆಯ ಮಾದರಿಯನ್ನು ಪೂರ್ತಿಯಾಗಿ ಅನುಸರಿಸಲು ಬರುವುದಿಲ್ಲ ಎಂಬುದು ನನ್ನ ವಾದವಾಗಿತ್ತು, ಈಗಲೂ ಹೌದು. ಮೊಟ್ಟೆ ಕೊಡುವುದು ಸರ್ಕಾರದ ಕೆಲಸ, ಪೂಜೆ ಮಾಡಿಸುವುದು ಸರ್ಕಾರದ ಕೆಲಸವಲ್ಲ. ಒಪ್ಪಿಗೆಯ ಪತ್ರವನ್ನು ಪಾಲಕರಿಂದ ತರಿಸಬಹುದು. ಆದರೆ ಪತ್ರ ಕೇಳುವವರು ನಾಳೆ ಮಗುವಿನ ಉತ್ತರಪತ್ರಿಕೆ ತಿದ್ದುವವರೇ ಆಗಿರುವಾಗ ಬಡ ಮೀನುಗಾರ ತಾಯಿ ಸಹಿ ಹಾಕದೆ ಇರುವುದು ಹೇಗೆ? ಮಾಸ್ತರು ತಮ್ಮ ಮನೆಯಲ್ಲಿ, ಊರ ದೇವಸ್ಥಾನದಲ್ಲಿ ಎಷ್ಟು ಶ್ರದ್ಧೆಯಿಂದ ಬೇಕಾದರೂ ಪೂಜೆ ಮಾಡಲಿ. ಶಾಲೆಯ ಕುರ್ಚಿಯಲ್ಲಿ ಕುಳಿತಾಗ ಅವರು ಎಲ್ಲ ಮಕ್ಕಳ ಮಾಸ್ತರು.

ಮೂರು ಸಭೆಗಳ ನಂತರ ಸಮಿತಿ ಒಂದು ನಿರ್ಣಯಕ್ಕೆ ಬಂತು. ಶಾರದಾ ಪೂಜೆಯನ್ನು ಪಾಲಕರು ತಾವಾಗಿಯೇ, ಊರಿನ ದೇವಸ್ಥಾನದ ಸಭಾಮಂಟಪದಲ್ಲಿ, ಶಾಲೆಯ ಸಮಯದ ಹೊರಗೆ ನಡೆಸುತ್ತಾರೆ. ಶಾಲೆಯಲ್ಲಿ ಹಣ ಸಂಗ್ರಹ, ಸೂಚನೆ, ಹಾಜರಿ ಇರುವುದಿಲ್ಲ. ಪರೀಕ್ಷೆಗೆ ಮೊದಲು ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಪಾಯಸದ ಊಟವಿರುತ್ತದೆ, ಅದನ್ನು ಬಿಸಿಯೂಟದ ಅಡುಗೆಯವರೇ ಮಾಡುತ್ತಾರೆ.

ನಿರ್ಣಯ ಎಲ್ಲರಿಗೂ ಹಿತವಾಗಲಿಲ್ಲ. ದೇವಸ್ಥಾನದ ಪೂಜೆಗೆ ಮೊದಲ ವರ್ಷ ಬಂದ ಮಕ್ಕಳು ಮುಂಚಿನಷ್ಟು ಇರಲಿಲ್ಲ, ಅದರಿಂದ ಬೇಸರಗೊಂಡವರಿದ್ದಾರೆ. ಒಬ್ಬ ಅನುಕೂಲಸ್ಥರು ವರ್ಷವೂ ಕೊಡುತ್ತಿದ್ದ ನೋಟ್‌ಬುಕ್‌ಗಳನ್ನು ನಿಲ್ಲಿಸಿದರು. ಬಡ ಮಕ್ಕಳಿಗೆ ಇದು ನಿಜವಾದ ನಷ್ಟ, ಮತ್ತು ಇನ್ನೂ ತುಂಬಿಲ್ಲ. ಆ ಹುಡುಗಿಯ ತಾಯಿಯನ್ನು ಊರಿನಲ್ಲಿ ಕೆಲವರು ಹಲವು ತಿಂಗಳು ಮಾತಾಡಿಸಲಿಲ್ಲ. ದೇವಸ್ಥಾನದ ಮಂಟಪದಲ್ಲಿ ಅಡುಗೆಯವರ ಮಕ್ಕಳು ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬ ಪ್ರಶ್ನೆಯೂ ಶಾಲೆಯಿಂದ ಹೊರಗೆ ಹೋಯಿತೇ ಹೊರತು ಮುಗಿಯಲಿಲ್ಲ. ಅದು ಊರು ಉತ್ತರಿಸಬೇಕಾದದ್ದು. ಪಾಯಸದ ಊಟಕ್ಕೆ ಮಾತ್ರ ಎಲ್ಲ ಮಕ್ಕಳೂ ಬಂದರು, ಯಾರ ಮನೆಯಿಂದಲೂ ಆಕ್ಷೇಪ ಬರಲಿಲ್ಲ.

ಸಮಿತಿಯ ಮುಂದೆ ಈಗ ಇರುವುದು ಹೊಸ ಕೋಣೆಯ ಭೂಮಿಪೂಜೆ. ಸರ್ಕಾರಿ ಕಟ್ಟಡಗಳಿಗೆ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳ ಸಮ್ಮುಖದಲ್ಲಿ ಪುರೋಹಿತರಿಂದ ಪೂಜೆ ಮಾಡಿಸುವುದು ರಾಜ್ಯದೆಲ್ಲೆಡೆ ರೂಢಿ, ಮತ್ತು ನ್ಯಾಯಾಲಯಗಳು ಇದನ್ನು ಸುಲಭವಾಗಿ ತಪ್ಪೆಂದು ಹೇಳುವುದಿಲ್ಲ. ತನ್ನದೇ ಕಟ್ಟಡದ ಭೂಮಿಪೂಜೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಗುಜರಾತ್ ಹೈಕೋರ್ಟು 2011ರಲ್ಲಿ ದಂಡ ಹಾಕಿ ವಜಾಗೊಳಿಸಿತ್ತು. ಅಲ್ಲಿ ಮಕ್ಕಳ ಸಾಲಿರಲಿಲ್ಲ, ಇಲ್ಲಿ ಸ್ವಾಗತಗೀತೆಗೆ ಮಕ್ಕಳನ್ನು ನಿಲ್ಲಿಸುವ ಯೋಜನೆಯಿದೆ ಎಂಬುದನ್ನು ನಾನು ಸಭೆಯ ಗಮನಕ್ಕೆ ತಂದಿದ್ದೇನೆ. ಗುತ್ತಿಗೆದಾರರು ತಮ್ಮ ನಂಬಿಕೆಯಂತೆ ಬೆಳಿಗ್ಗೆಯೇ ಪೂಜೆ ಮಾಡಿಕೊಳ್ಳಲಿ, ಶಾಲೆಯ ಕಾರ್ಯಕ್ರಮ ಆನಂತರ ನಾಡಗೀತೆ ಮತ್ತು ಸಂವಿಧಾನದ ಪೀಠಿಕೆಯ ಓದಿನೊಂದಿಗೆ ನಡೆಯಲಿ ಎಂಬ ಸಲಹೆಯನ್ನು ಮುಖ್ಯೋಪಾಧ್ಯಾಯರು ಬರವಣಿಗೆಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿದ್ದಾರೆ. ಉತ್ತರ ಬರುವವರೆಗೆ ಕಾರ್ಯಕ್ರಮದ ದಿನಾಂಕವನ್ನು ನಿಗದಿಪಡಿಸುವುದಿಲ್ಲವೆಂದು ಸಮಿತಿ ತೀರ್ಮಾನಿಸಿದೆ.